ಮುಕ್ಕಾದ ಹಲ್ಲು

ಹಲ್ಲು ಸರಿಹೋದರೆ ಆಮೇಲೆ ಯಾವ ನೆಪ ಹೇಳಲಿ ಎಂಬುದೇ ನನ್ನ ಚಿಂತೆ.

ಒಣಗಿದೆಯೋ ಇಲ್ಲವೋ ಎಂದು ಕೊಬ್ಬರಿ ಕಚ್ಚಿ ನೋಡುವುದು ನಿಟ್ಟೂರಿನ ನಮ್ಮ ಮನೆಯ ರೂಢಿ. ಹಾಗೆ ಕಚ್ಚಿಯೇ ನನ್ನ ಮುಂದಿನ ಹಲ್ಲು ಮುಕ್ಕಾಯಿತು. ಮೂರು ಇಂಟರ್‌ವ್ಯೂ ಮುಗಿದರೂ ಕೆಲಸ ಸಿಗದಿದ್ದಾಗ ಅಮ್ಮ ಆ ಹಲ್ಲನ್ನೇ ದೂರಿ, ತುಮಕೂರಿನ ದಂತವೈದ್ಯರ ಬಳಿ ಕರೆತಂದಳು.

"ಬಾಂಡಿಂಗ್ ಮಾಡಿ, ಅಂದ್ರೆ ಹಲ್ಲಿನ ಬಣ್ಣದ್ದೇ ಪೇಸ್ಟ್ ಅಂಟಿಸಿ ಮುಚ್ಬೋದು. ಆದ್ರೆ ಕೊಬ್ಬರಿ ಕಚ್ಚಿದ್ರೆ ಕಿತ್ಕೊಂಡು ಬರುತ್ತೆ" ಎಂದರು ಡಾಕ್ಟರು.

"ಬುಡಿ ಸಾರ್, ಆಫೀಸಲ್ಲಿ ಯಾರು ಕೊಬ್ಬರಿ ಕಚ್ಚಿಸ್ತಾರೆ?" ಎಂದಳು ಅಮ್ಮ.

ಡಾಕ್ಟರು ನನ್ನತ್ತ ತಿರುಗಿದರು. "ನಿಂಗೆ ಬೇಕೇನಮ್ಮ?"

"ಬೇಕು ಸಾರ್, ಅವ್ಳಿಗೆ ನಾಚ್ಕೆ" ಎಂದು ಅಮ್ಮನೇ ಉತ್ತರಿಸಿದಳು. ಬೆಳಗಿನಿಂದ ಹಲ್ಲಿನ ದೂರನ್ನೇ ಕೇಳಿ ನನಗೆ ಸುಸ್ತಾಗಿತ್ತು.

"ತಪ್ಪು ಹಲ್ಲಿಂದಲ್ಲ ಕಣಮ್ಮ" ಎಂದೆ. "ಮೂರು ಕಡೇನೂ ಭಯಕ್ಕೆ ನಾನು ಮಾತೇ ಆಡ್ಲಿಲ್ಲ."