ಅಕ್ಕಿ ಅಂಟಿದ ಕೈ

ಕಡಬ ಪೇಟೆಯಲ್ಲಿ ಮೆಡಿಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ಸೇವಂತಿಯ ಬ್ಯೂಟಿ ಪಾರ್ಲರ್. ಮದುಮಗಳಿಗೆ ಸೀರೆ ಉಡಿಸುವುದರಲ್ಲಿ ತನ್ನನ್ನು ಮೀರಿಸುವವರು ಈ ತಾಲೂಕಿನಲ್ಲೇ ಇಲ್ಲ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಜಂಬ ಅನ್ನಿ, ಆದರೆ ಸುಳ್ಳಲ್ಲ. ಬೆಳಿಗ್ಗೆ ಹಾಕಿದ ನೆರಿಗೆ ಮದುಮಗಳು ಗಂಡನ ಮನೆಗೆ ಹೊರಡುವಾಗಲೂ ಹಾಗೆಯೇ ನಿಂತಿರುತ್ತಿತ್ತು. ಕಷ್ಟ ಇದ್ದದ್ದು ಅವಳ ಅಂಗೈಯದು. ಪ್ರತಿ ನೆರಿಗೆಗೂ ಕೈ ಒರೆಸಿಕೊಳ್ಳಬೇಕು, ಪೌಡರ್ ಹಾಕಿಕೊಳ್ಳಬೇಕು, ಮತ್ತೆ ಒರೆಸಿಕೊಳ್ಳಬೇಕು. ಸೆಕೆಗೆ ಬರುವ ಬೆವರಾದರೆ ಪರವಾಗಿರಲಿಲ್ಲ. ಇದು ಡಿಸೆಂಬರಿನ ಚಳಿಯಲ್ಲೂ ತೊಟ್ಟಿಕ್ಕುವ ಬೆವರು. ಶಾಲೆಯಲ್ಲಿ ಕಬಡ್ಡಿ ಆಡುವಾಗ ಅವಳ ಕೈ ಹಿಡಿದುಕೊಳ್ಳಲು ಹುಡುಗಿಯರು ಒಪ್ಪುತ್ತಿರಲಿಲ್ಲ. ಮನೆಯವರು ಹೆದರುಪುಕ್ಕಿ ಎಂದರು. ಸೇವಂತಿ ಹೆದರಿದ್ದನ್ನು ಕಂಡವರು ಯಾರೂ ಇರಲಿಲ್ಲ, ಆದರೂ ಹಾಗೆಂದರು.

ಮೇ ತಿಂಗಳಲ್ಲಿ ಕೋಡಿಂಬಾಳದ ಚೆನ್ನಕೇಶವ ಗೌಡರ ಮಗಳು ಹೇಮಶ್ರೀಯ ಮದುವೆ. ಮದುಮಗಳನ್ನು ಸಿಂಗರಿಸಿದವಳು ಸೇವಂತಿ. ಗೌಡರ ತಾಯಿ ತಿಮ್ಮಕ್ಕ ತಮ್ಮ ಮದುವೆಯಲ್ಲಿ ಮುಡಿದಿದ್ದ ಚಿನ್ನದ ಜಡೆಬಿಲ್ಲೆಯನ್ನು ಮೊಮ್ಮಗಳಿಗೆ ತೆಗೆದುಕೊಟ್ಟಿದ್ದರು. ಊಟವಾದ ಮೇಲೆ ಜಡೆ ಬಿಚ್ಚುವಾಗ ನೋಡಿದರೆ ಬಿಲ್ಲೆ ಇಲ್ಲ. ಅಲಂಕಾರದ ಕೋಣೆಯನ್ನು ಗುಡಿಸಿ ನೋಡಿದರು, ಹೂವಿನ ರಾಶಿಯನ್ನು ಕೊಡವಿದರು, ಕೋಣೆಗೆ ಬಂದು ಹೋದವರನ್ನೆಲ್ಲ ಕೇಳಿದರು. ಸೇವಂತಿಯನ್ನು ಕೇಳುವಾಗ ಅವಳು ಎಂದಿನಂತೆ ಕೈ ಒರೆಸಿಕೊಳ್ಳುತ್ತಾ ನಿಂತಿದ್ದಳು. ಅಷ್ಟೇ ಸಾಕಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳು ಎಂದು ಒಬ್ಬಳು ಅಂದಳು, ಉಳಿದವರು ಅವಳ ಕೈಯನ್ನೇ ನೋಡಿದರು. ವಾರ ಕಳೆಯುವಷ್ಟರಲ್ಲಿ ಮಾತು ಪಕ್ಕದ ಕೊಯಿಲ ಊರಿನವರೆಗೂ ಹೋಗಿ ಬಂತು. ಬುಕ್ ಮಾಡಿದ್ದ ಇಬ್ಬರು ಮದುವೆ ಹುಡುಗಿಯರು ಬೇರೆ ಪಾರ್ಲರಿಗೆ ಹೋದರು.

ಚೆನ್ನಕೇಶವರು ಕೆಟ್ಟವರಲ್ಲ. ತಾವೇ ಮೆಟ್ಟಿಲು ಹತ್ತಿ ಪಾರ್ಲರಿಗೆ ಬಂದರು, ಕೊಟ್ಟ ನೀರು ಕುಡಿದರು, ಆಮೇಲೆ ಮೆಲ್ಲಗೆ ವಿಷಯಕ್ಕೆ ಬಂದರು. ಅವರ ಮನೆಯಲ್ಲಿ ಅಜ್ಜನ ಕಾಲದಿಂದ ಒಂದು ಕ್ರಮ. ಏನಾದರೂ ಕಳೆದರೆ, ಸಂಕ್ರಮಣದ ದಿನ ದೈವಕ್ಕೆ ದೀಪವಿಟ್ಟು, ಯಾರ ಮೇಲೆ ಸಂಶಯವಿದೆಯೋ ಅವರೆಲ್ಲ ಒಂದು ಹಿಡಿ ಅಕ್ಕಿಯನ್ನು ಮುಷ್ಟಿಯಲ್ಲಿ ಹಿಡಿದು ಪ್ರಾರ್ಥಿಸಿ ಬಾಳೆ ಎಲೆಗೆ ಬಿಡಬೇಕು. ಸತ್ಯವಿದ್ದವರ ಕೈಯಿಂದ ಅಕ್ಕಿ ಪೂರ್ತಿ ಬೀಳುತ್ತದೆ, ಕದ್ದವರ ಕೈಗೆ ಅಂಟುತ್ತದೆ.

"ನನಗೆ ನಿನ್ನ ಮೇಲೆ ಸಂಶಯ ಇಲ್ಲ ಸೇವಂತಿ. ಆದ್ರೆ ಮಾತು ಹಬ್ಬಿ ಆಗಿದೆ. ದೈವದ ಎದುರು ಒಮ್ಮೆ ಅಕ್ಕಿ ಬಿಟ್ರೆ ನಿನ್ನ ಹೆಸರು ಸಹ ಉಳಿತದೆ," ಎಂದರು.

ಅವರು ಅದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಸೇವಂತಿ ಬರುತ್ತೇನೆ ಎಂದಳು. ಅವರು ಇಳಿದು ಹೋದ ಮೇಲೆ ತನ್ನ ಅಂಗೈ ನೋಡಿಕೊಂಡಳು. ಈ ಕೈಗೆ ಅಕ್ಕಿ ಅಂಟದೆ ಇರುವುದುಂಟೇ?

ಉಪಾಯ ಹೇಳಿದವಳು ಮೆಹಂದಿ ಹಾಕುವ ಹಸ್ನಾ. ಇಬ್ಬರೂ ಒಟ್ಟಿಗೆ ಎಷ್ಟೋ ಮದುವೆಗಳಲ್ಲಿ ಕೆಲಸ ಮಾಡಿದವರು. ಪುತ್ತೂರಿನ ಒಬ್ಬ ಚರ್ಮದ ಡಾಕ್ಟರು ಬೆವರು ನಿಲ್ಲಿಸಲು ಅಂಗೈಗೆ ಇಂಜೆಕ್ಷನ್ ಕೊಡುತ್ತಾರೆ, ಹಸ್ನಾಳ ನಾದಿನಿ ಹಾಕಿಸಿಕೊಂಡು ಈಗ ಒಣಕೈಯಲ್ಲಿ ಪರೀಕ್ಷೆ ಬರೆಯುತ್ತಿದ್ದಾಳಂತೆ. "ಸಂಕ್ರಮಣಕ್ಕೆ ಇನ್ನೂ ಎರಡು ವಾರ ಉಂಟಲ್ಲ ಮಾರಾಯ್ತಿ. ನಾಳೆಯೇ ಹೋಗುವ. ಒಂದು ಕಾಳು ಸಹ ಅಂಟುದಿಲ್ಲ," ಎಂದಳು. ಸೇವಂತಿಗೆ ಹೋದ ಜೀವ ಬಂದ ಹಾಗಾಯಿತು.

ಡಾಕ್ಟರು ನಡುವಯಸ್ಸಿನ ಹೆಂಗಸು. ಸೇವಂತಿಯ ಒದ್ದೆ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡೇ ಮಾತಾಡಿದರು. ಅಷ್ಟು ಹೊತ್ತು ಅವಳ ಕೈಯನ್ನು ಅದುವರೆಗೆ ಯಾರೂ ಹಿಡಿದಿರಲಿಲ್ಲ. ಲೋಷನ್ ಹಚ್ಚಿ ನೋಡಿದ್ದೀರಾ ಎಂದು ಕೇಳಿದರು. ಹಚ್ಚಿ, ಅಂಗೈ ಉರಿದು, ಬಿಟ್ಟದ್ದಾಗಿತ್ತು. "ಇದು ಹೆದರಿಕೆ ಅಲ್ಲ, ನಿಮ್ಮ ತಪ್ಪೂ ಅಲ್ಲ. ಬೇಡದಿದ್ದಾಗಲೂ ನರ ಬೆವರಿನ ಗ್ರಂಥಿಗೆ 'ಬೆವರು' ಅಂತ ಹೇಳ್ತಾ ಇರ್ತದೆ. ಇಂಜೆಕ್ಷನ್ ಆ ಮಾತನ್ನು ಸ್ವಲ್ಪ ಕಾಲ ತಡೀತದೆ," ಎಂದರು. ಮರಗಟ್ಟಿಸಿ ಅಂಗೈ ತುಂಬ ಸಣ್ಣ ಸಣ್ಣ ಚುಚ್ಚು, ಆದರೂ ನೋಯುತ್ತದೆ. ವಾರ, ಹತ್ತು ದಿನದಲ್ಲಿ ಕೈ ಒಣಗುತ್ತದೆ. ನಾಲ್ಕಾರು ತಿಂಗಳ ಮೇಲೆ ಮತ್ತೆ ಹಾಕಿಸಬೇಕು. ಕೆಲವರಿಗೆ ಬೆರಳಿನ ಹಿಡಿತ ಕೆಲವು ವಾರ ಸಡಿಲವಾಗುತ್ತದೆ.

ತಪ್ಪಲ್ಲ ಎಂಬ ಮಾತು ಕೇಳಿ ಸೇವಂತಿಗೆ ಅಳು ಬಂತು. ಇಷ್ಟು ವರ್ಷ ಯಾರೂ ಅವಳಿಗೆ ಅದನ್ನು ಹೇಳಿರಲಿಲ್ಲ. ಇವತ್ತೇ ಮಾಡಬಹುದಾ ಎಂದು ಹಸ್ನಾ ಕೇಳಿದಳು. ಮಾಡಬಹುದು ಎಂದು ಡಾಕ್ಟರು ಎದ್ದರು. ಸೇವಂತಿ ಏಳಲಿಲ್ಲ.

ಅವಳಿಗೆ ಸಿಟ್ಟು ಬಂದಿತ್ತು. ಎರಡು ವಾರ ಕಳೆದು ಒಣಕೈಯಲ್ಲಿ ಅಕ್ಕಿ ಬಿಟ್ಟರೆ ಊರು ಏನೆನ್ನುತ್ತದೆ? ಸೇವಂತಿ ಸಾಚಾ ಎನ್ನುತ್ತದೆ. ಅದಕ್ಕೆ ಕಾರಣ ಅವಳ ಸತ್ಯವಲ್ಲ, ಇಂಜೆಕ್ಷನ್. ಮುಂದೆ ಬೆವರುವ ಕೈಯ ಇನ್ನೊಬ್ಬ ಹುಡುಗಿ ಅದೇ ಎಲೆಯ ಮುಂದೆ ನಿಂತರೆ ಅವಳು ಕಳ್ಳಿಯೇ ಸರಿ. "ಈಗ ಬೇಡ ಡಾಕ್ಟ್ರೇ, ಆಟಿಯಲ್ಲಿ ಬರ್ತೇನೆ. ಆಟಿ ತಿಂಗಳಲ್ಲಿ ಮದುವೆ ಇಲ್ಲ, ಬೆರಳು ಸಡಿಲ ಆದ್ರೂ ತೊಂದರೆ ಇಲ್ಲ," ಎಂದಳು. ಬಸ್ಸಿನಲ್ಲಿ ಕಡಬ ಮುಟ್ಟುವವರೆಗೂ ಹಸ್ನಾ ಅವಳಿಗೆ ಬೈದಳು.

ಸಂಕ್ರಮಣದ ಬೆಳಿಗ್ಗೆ ಗೌಡರ ಅಂಗಳದಲ್ಲಿ ಜನ ಸೇರಿದ್ದರು. ಮದುವೆಯ ಫೋಟೋ ತೆಗೆದವನು ಅಕ್ಕಿ ಬಿಟ್ಟ, ಸರಸರನೆ ಬಿತ್ತು. ಹೇಮಶ್ರೀಯ ಗೆಳತಿಯರು ಬಿಟ್ಟರು, ಬಿತ್ತು. ಸೇವಂತಿಯ ಸರದಿ ಬಂತು. ಅವಳು ಕೈ ಒರೆಸಿಕೊಳ್ಳಲಿಲ್ಲ. ದೈವಕ್ಕೆ ಕೈ ಮುಗಿದಳು, ನಂಬಿಕೆಯಿಂದಲೇ ಮುಗಿದಳು. ಆಮೇಲೆ ಎಲ್ಲರ ಕಡೆ ತಿರುಗಿ ಎರಡೂ ಅಂಗೈ ಬಿಡಿಸಿ ಹಿಡಿದಳು.

"ನನ್ನ ಕೈ ಹುಟ್ಟಿದಾಗಿನಿಂದ ಹೀಗೆ. ಇದು ಕಾಯಿಲೆ, ಇದಕ್ಕೆ ಪುತ್ತೂರಿನಲ್ಲಿ ಇಂಜೆಕ್ಷನ್ ಉಂಟು. ಹಾಕಿಸಿಕೊಂಡು ಬಂದಿದ್ರೆ ಇವತ್ತು ಒಂದು ಕಾಳು ಸಹ ಅಂಟ್ತಿರ್ಲಿಲ್ಲ. ನಾನು ಕದ್ದಿದ್ರೂ ಅಂಟ್ತಿರ್ಲಿಲ್ಲ." ಅಂಗೈಗಳನ್ನು ಇನ್ನಷ್ಟು ಮುಂದೆ ಚಾಚಿದಳು. "ನನ್ನ ಬೆವರು ದೈವಕ್ಕೆ ಗೊತ್ತುಂಟು. ಗೊತ್ತಿಲ್ಲದ್ದು ನಿಮಗೆ."

ಅಕ್ಕಿ ಹಿಡಿದು ಬಿಟ್ಟಳು. ಅರ್ಧ ಎಲೆಗೆ ಬಿತ್ತು, ಅರ್ಧ ಕೈಯಲ್ಲೇ ನಿಂತಿತು. ಹೆಂಗಸರ ಗುಂಪಿನಲ್ಲಿ ಗುಜುಗುಜು ಎದ್ದಿತು. ಚೆನ್ನಕೇಶವರು ತಲೆ ತಗ್ಗಿಸಿದರು.

ಆಗ ಜಗಲಿಯಿಂದ ತಿಮ್ಮಕ್ಕ ಇಳಿದು ಬಂದರು. ಎಂಬತ್ತು ದಾಟಿದ ಜೀವ, ಗೋಡೆ ಹಿಡಿದು ಇಳಿಯಬೇಕು. ಯಾರ ಮುಖವನ್ನೂ ನೋಡದೆ ದೀಪದ ಪಕ್ಕದ ತಂಬಿಗೆಯ ನೀರಿನಲ್ಲಿ ಕೈ ಅದ್ದಿದರು, ಒದ್ದೆ ಕೈಯಲ್ಲೇ ಅಕ್ಕಿ ಹಿಡಿದು ಎಲೆಯ ಮೇಲೆ ಬಿಟ್ಟರು. ಬೆರಳ ಸಂದಿಯಲ್ಲೆಲ್ಲ ಕಾಳು ಅಂಟಿ ನಿಂತಿತು. ಆ ಕೈಯನ್ನು ಮಗನ ಮುಖದ ಮುಂದೆ ಹಿಡಿದರು.

"ಬಿಲ್ಲೆ ನನ್ನದು. ನನ್ನ ಬಿಲ್ಲೆ ನಾನೇ ಕದ್ದೆನಾ?"

ಚೆನ್ನಕೇಶವರು ಬಗ್ಗಿ ಎಲೆಯನ್ನು ಅಕ್ಕಿ ಸಮೇತ ಎತ್ತಿದರು, ಕೋಳಿಗಳ ಮುಂದೆ ಸುರಿದು ಬಂದರು. ಈ ಕ್ರಮ ಈ ಮನೆಯಲ್ಲಿ ಇಲ್ಲಿಗೆ ಮುಗಿಯಿತು ಎಂದರು. ಸೇವಂತಿಗೆ ಕಾಫಿ ಕುಡಿಯದೆ ಹೋಗಬಾರದೆಂದೂ ಹೇಳಿದರು. ಅವಳು ಕುಡಿದೇ ಹೋದಳು, ತಲೆ ಎತ್ತಿಕೊಂಡೇ ಹೋದಳು.

ಬಿಲ್ಲೆ ಇವತ್ತಿನವರೆಗೂ ಸಿಕ್ಕಿಲ್ಲ. ಊರಿನ ಬಾಯಿ ಪೂರ್ತಿ ಮುಚ್ಚಿದೆ ಎಂದರೆ ಸುಳ್ಳಾದೀತು. ಆದರೆ ತಮ್ಮನ ಮಗಳ ಮದುವೆಗೆ ಸೀರೆ ಉಡಿಸಲು ಸೇವಂತಿಯೇ ಬೇಕೆಂದು ಚೆನ್ನಕೇಶವರು ನಾಲ್ಕು ಜನರ ಎದುರೇ ಫೋನ್ ಮಾಡಿದರು.

ಆಟಿ ಬಂತು, ಸೇವಂತಿ ಪುತ್ತೂರಿಗೆ ಹೋದಳು. ಅಂಗೈಯಲ್ಲಿ ಪೆನ್ನಿನಿಂದ ಚುಕ್ಕೆ ಹಾಕುತ್ತಾ ನರ್ಸ್ ಹುಡುಗಿ ಮಾತಿಗೆಳೆದಳು. ಇಲ್ಲಿಗೆ ಬರುವವರು ಹೆಚ್ಚಾಗಿ ಯಾವುದಾದರೂ ಕಾರ್ಯಕ್ರಮಕ್ಕೆ ಮೊದಲು ಬರುತ್ತಾರಂತೆ, ಇಂಟರ್‌ವ್ಯೂ, ನಿಶ್ಚಿತಾರ್ಥ, ಹಾಗೆ.

"ನಿಮ್ಮದೆಂತ ಅಕ್ಕ, ಯಾರಿಗಾದ್ರೂ ಕೈ ತೋರಿಸ್ಲಿಕ್ಕೆ ಉಂಟಾ?"

"ತೋರಿಸಿ ಆಗಿದೆ," ಎಂದಳು ಸೇವಂತಿ. "ಇದು ನನಗೆ."