ಲಾಕಿನ ಹೊಸ್ತಿಲು

“ಕೈಯಲ್ಲಿ ತಳ್ಬೇಡ ಅಕ್ಕ! ಬೆನ್ನು ಕೊಟ್ಟು ಹಿಂದಕ್ಕೆ ನಡಿ!” ದೋಣಿಯ ಹಿಂಬದಿಯಲ್ಲಿ ಚುಕ್ಕಾಣಿ ಹಿಡಿದು ನಿಂತಿದ್ದ ಹೇಝೆಲ್ ಕೂಗಿದಳು.

“ಎಪ್ಪತ್ತು ದಾಟಿದ ಹೆಂಗಸು ಗಾಡಿ ಕುದುರೆ ಹಾಗೆ ತಳ್ಳೋದನ್ನ ನೋಡೋಕೆ ನಿಂಗೆ ಚೆನ್ನಾಗಿರುತ್ತೆ, ಅಲ್ವಾ?” ಎನ್ನುತ್ತಲೇ ಎನಿಡ್ ತಿರುಗಿ, ಕಾಲುವೆಯ ನೀರು ತಡೆಯುವ ಲಾಕಿನ ಗೇಟಿನ ಉದ್ದ ತೊಲೆಗೆ ಬೆನ್ನು ಕೊಟ್ಟಳು. ಮೊದಲು ಏನೂ ಆಗಲಿಲ್ಲ. ಆಮೇಲೆ ಗೇಟು ಒಮ್ಮೆ ನರಳಿ, ಮನಸ್ಸಿಲ್ಲದ ಮನಸ್ಸಿನಿಂದ ಸರಿಯತೊಡಗಿತು. ಎನಿಡ್ ಚರ್ಚಿಗೆ ಹಾಕಿಕೊಂಡು ಹೋಗುವ ಕಡುನೀಲಿ ಕೋಟಿನಲ್ಲೇ ಬಂದಿದ್ದಳು. ಅದರ ಬೆನ್ನಿಗೆ ಆಗಲೇ ಪಾಚಿ ಮೆತ್ತಿತ್ತು. ಅದನ್ನು ಹೇಳಲು ಹೇಝೆಲ್‌ಗೆ ಧೈರ್ಯವಾಗಲಿಲ್ಲ.

ಮೂರು ವಾರದ ಹಿಂದೆ ಮಂಜುಗಟ್ಟಿದ ದಂಡೆಯಲ್ಲಿ ಜಾರಿ ಹೇಝೆಲ್‌ಳ ಎಡಗೈ ಮಣಿಕಟ್ಟು ಮುರಿದಿತ್ತು. ಆಸ್ಪತ್ರೆಗೆ ಮೊದಲು ಓಡಿಬಂದವಳು ಅಕ್ಕನೇ. ಪ್ಲಾಸ್ಟರು ಒಣಗುವ ಮೊದಲೇ ತಂಗಿಯ ಮುಂದಿನ ಬದುಕನ್ನೆಲ್ಲ ತೀರ್ಮಾನ ಮಾಡಿಬಿಟ್ಟಿದ್ದಳು. “ಆ ತಗಡಿನ ಕೊಳವೆಯಂಥ ದೋಣೀಲಿ ಇದ್ದಿದ್ದು ಸಾಕು. ಅದ್ರ ತಳಕ್ಕೆ ಬಣ್ಣ ಬಳೀಬೇಕು ಅಂತಿದ್ದೆಯಲ್ಲ, ರಿಪೇರಿ ಡಾಕಿನ ತನಕ ನಾನೇ ಬಂದು ಮುಟ್ಟಿಸ್ತೀನಿ. ಬಳಿಸಿ ಮಾರ್ಬಿಡು. ಲೆಸ್ಟರ್‌ನಲ್ಲಿ ನಂದೇ ಒಂದು ರೂಮು ಖಾಲಿ ಬಿದ್ದಿದೆ. ಗೋಡೆಗೆ ಹಳದಿ ಹೊಡೆಸಿದೀನಿ, ನಿಂಗಿಷ್ಟ ಅಂತ.” ನೋವಿನ ಮಂಪರಿನಲ್ಲಿ ಹೇಝೆಲ್ ‘ಹೂಂ’ ಅಂದಿದ್ದಳು. ಆ ‘ಹೂಂ’ ಅಂದಿನಿಂದ ಮೀನಿನ ಮುಳ್ಳಿನ ಹಾಗೆ ಗಂಟಲಲ್ಲೇ ಸಿಕ್ಕಿಕೊಂಡಿತ್ತು.

ಎನಿಡ್ ಜೀವಮಾನವೆಲ್ಲ ಆಸ್ಪತ್ರೆಯ ವಾರ್ಡುಗಳಲ್ಲಿ ಹೆಡ್‌ನರ್ಸಾಗಿದ್ದವಳು. ಅವಳು ಹೇಳಿದ ಮೇಲೆ ರೋಗಿ ಮಾತ್ರವಲ್ಲ, ಡಾಕ್ಟರೂ ಮಲಗುತ್ತಿದ್ದರು. ಹೇಝೆಲ್ ಸ್ಟೋಕ್ ಊರಿನಲ್ಲಿ ಸಿಟಿ ಬಸ್ ಓಡಿಸಿದವಳು. ನಿವೃತ್ತಿಯಾದ ದಿನ ಸಂಜೆ ಬಸ್ಸಿಗಿಂತ ಉದ್ದದ, ಬಸ್ಸಿಗಿಂತ ಕಿರಿದಾದ ಈ ‘ಬ್ರಾಂಬಲ್’ ದೋಣಿಯನ್ನು ನೋಡಿ, ಅದರ ಒಲೆಯ ಮುಂದೆ ಕೂತು, ಎದ್ದೇಳಲು ಮನಸ್ಸೇ ಬಾರದೆ ಕೊಂಡುಕೊಂಡಿದ್ದಳು. ಅಂದಿನಿಂದ ಅದೇ ಮನೆ. ಸೌದೆ ಸೀಳುವುದು, ನೀರಿನ ಟ್ಯಾಂಕು ತುಂಬುವುದು, ಇಂಜಿನ್ನಿಗೆ ಗ್ರೀಸು ಒತ್ತುವುದು, ಮಾಡಿನ ಮೇಲಿನ ಕುಂಡಗಳಲ್ಲಿ ಪಾರ್ಸ್ಲಿ ಸೊಪ್ಪು ಬೆಳೆಯುವುದು, ಎಲ್ಲವೂ ಒಂದೇ ಜೋಡಿ ಕೈಯ ಕೆಲಸ. ಈಗ ಆ ಜೋಡಿಯಲ್ಲಿ ಒಂದು ಉಳಿದಿತ್ತು.

ಚೆಷರ್ ಕಡೆಗೆ ಇಳಿಯುವ ಆ ಕಾಲುವೆಯಲ್ಲಿ ಮೆಟ್ಟಿಲುಗಳ ಹಾಗೆ ಒಂದರ ಕೆಳಗೊಂದು ಲಾಕುಗಳು. ದೋಣಿ ತುಂಬಿದ ತೊಟ್ಟಿಯೊಳಕ್ಕೆ ಹೋಗಬೇಕು, ಹಿಂದಿನ ಗೇಟು ಮುಚ್ಚಬೇಕು, ಮುಂದಿನ ತೂಬು ಎತ್ತಿ ನೀರು ಬಿಡಬೇಕು, ನೀರಿನ ಜೊತೆ ದೋಣಿಯೂ ಕೆಳಗಿಳಿಯಬೇಕು. ಎನಿಡ್ ಮೊದಲ ಲಾಕಿನಲ್ಲಿ ಬೈದುಕೊಂಡು ಕಲಿತಳು. ಎರಡನೆಯದರಲ್ಲಿ ಬೈಯದೆ ಮಾಡಿದಳು. ಮೂರನೆಯದಕ್ಕೆ ಬರುವಷ್ಟರಲ್ಲಿ, “ನೀನು ಸುಮ್ನಿರೇ, ಗೊತ್ತು ನಂಗೆ” ಅನ್ನತೊಡಗಿದ್ದಳು.

ಹಾಗೆ ಅವಳು ಮುಂದಿನ ತೂಬು ಎತ್ತುತ್ತಿದ್ದಾಗ ಒಳಗೆ ಒಲೆಯ ಮೇಲೆ ಕೆಟಲ್ ಸಿಳ್ಳೆ ಹಾಕಿತು. ಲಾಕಿನಲ್ಲಿ ಇಳಿಯುವಾಗ ಚುಕ್ಕಾಣಿ ಬಿಟ್ಟು ಕದಲಬಾರದು, ಇದು ಹೇಝೆಲ್‌ಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅವಳ ಮನಸ್ಸು ಅಲ್ಲಿರಲಿಲ್ಲ, ಹಳದಿ ಗೋಡೆಯ ರೂಮಿನಲ್ಲಿತ್ತು. ಎರಡು ಮೆಟ್ಟಿಲಿಳಿದು ಕೆಟಲ್ ಎತ್ತಿಟ್ಟಳು.

ಕಾಲಡಿಯ ನೆಲ ಮೆಲ್ಲಗೆ ಓರೆಯಾಯಿತು. ಮೇಜಿನ ಮೇಲಿದ್ದ ಮಾರ್ಮಲೇಡ್ ಬಾಟಲಿ ತನಗೆ ತಾನೇ ನಡೆಯುತ್ತ ಹೋಗಿ ಅಂಚಿನಿಂದ ಬಿತ್ತು. ಹೇಝೆಲ್‌ಗೆ ತಟ್ಟನೆ ಅರ್ಥವಾಯಿತು. ದೋಣಿ ಹಿಂದಕ್ಕೆ ಸರಿದುಬಿಟ್ಟಿದೆ. ಹಿಂದಿನ ಗೇಟಿನ ಬುಡದಲ್ಲಿ ನೀರಿನೊಳಗೆ ಚಾಚಿಕೊಂಡಿರುವ ಕಲ್ಲಿನ ಹೊಸ್ತಿಲ ಮೇಲೆ ಬ್ರಾಂಬಲ್‌ನ ಹಿಂಬದಿ ಕೂತಿದೆ. ನೀರು ಇಳಿಯುತ್ತಲೇ ಇದೆ, ಮೂತಿ ಮಾತ್ರ ಕೆಳಕ್ಕೆ ಹೋಗುತ್ತಿದೆ. ಇನ್ನು ಸ್ವಲ್ಪ ಹೊತ್ತು ಹೀಗೇ ಬಿಟ್ಟರೆ ಮೂತಿಯಿಂದ ನೀರು ನುಗ್ಗಿ, ಮನೆಯೇ ಮುಳುಗುತ್ತದೆ.

“ಅಕ್ಕಾ! ತೂಬು!” ಬಾಗಿಲಿಗೆ ಜೋತುಬಿದ್ದು ಚೀರಿದಳು.

ಮುಂದೆ ನಡೆದದ್ದನ್ನು ಹೇಝೆಲ್ ಆಮೇಲೆ ಎಷ್ಟೋ ದೋಣಿಯವರಿಗೆ ಎಷ್ಟೋ ಸಲ ಹೇಳಿದಳು. ಎನಿಡ್ ಏನು, ಯಾಕೆ ಎಂದು ಕೇಳಲಿಲ್ಲ. ಕೊಂಡಿ ತಪ್ಪಿಸಿದಳು, ತೂಬು ಗಡಗಡ ಸದ್ದು ಮಾಡುತ್ತ ಬಿದ್ದು ಮುಚ್ಚಿಕೊಂಡಿತು. ಕೋಟಿನ ಎರಡು ಮಗ್ಗುಲೂ ಹಾರಾಡುತ್ತಿರಲು, ಎದುರು ದಂಡೆಯ ತೂಬಿಗೆ ಸುತ್ತಿ ಓಡಿ ಅದನ್ನೂ ಬೀಳಿಸಿದಳು.

“ಹೇಝೆಲ್, ಕೂತ್ಕೋ! ಅಲ್ಲಾಡ್ಬೇಡ! ಈಗೇನ್ಮಾಡ್ಲಿ, ಒಂದೇ ಮಾತಲ್ಲಿ ಹೇಳು!”

“ಹಿಂದಿನ ತೂಬು! ಮೆಲ್ಲಗೆ!”

ಎನಿಡ್ ಹಿಂದಿನ ಗೇಟಿಗೆ ಓಡಿದಳು. ತೂಬಿನ ಹಿಡಿಯನ್ನು ಒಂದು ಸುತ್ತು ತಿರುಗಿಸಿ, ನಿಂತು ನೋಡಿದಳು. ಇನ್ನೊಂದು ಸುತ್ತು. ರೋಗಿಗೆ ರಕ್ತ ಏರಿಸುವವಳ ಮುಖ ಅವಳದು. ಲಾಕಿನೊಳಕ್ಕೆ ನೀರು ಹನಿಹನಿಯಾಗಿ, ಆಮೇಲೆ ನೂಲಾಗಿ, ಆಮೇಲೆ ಹುರಿಯಾಗಿ ಬಂತು. ಮುಂದೆ ಬಾಗಿದ್ದ ಮೂತಿ ಏರಿತು, ಏರಿತು. ಕೊನೆಗೆ ಕಲ್ಲಿಗೆ ಕಬ್ಬಿಣ ಉಜ್ಜಿದ ಒಂದು ಕರ್ಕಶ ಸದ್ದು, ಬ್ರಾಂಬಲ್ ಹೊಸ್ತಿಲಿಂದ ಜಾರಿ ಸಮನಾಗಿ ತೇಲಿತು.

ಹೇಝೆಲ್ ಮೆಟ್ಟಿಲ ಮೇಲೆ ಕುಸಿದಳು. ಈಗ ಬರುತ್ತದೆ, ಅಂದುಕೊಂಡಳು. ‘ನಾನು ಹೇಳ್ಲಿಲ್ವಾ’ ಅನ್ನುವ ಮಾತು. ಅದು ಬಂದರೆ ತಾನು ತಲೆಯೆತ್ತುವಂತಿಲ್ಲ.

ಮೇಲಿನಿಂದ ವಿಚಿತ್ರವಾದ ಸದ್ದು ಬಂತು. ಅಕ್ಕ ಅಳುತ್ತಿದ್ದಾಳೆಂದುಕೊಂಡು ಹೇಝೆಲ್ ಕತ್ತೆತ್ತಿದಳು. ಎನಿಡ್ ತೊಲೆಯ ಮೇಲೆ ಕೂತು, ಪಕ್ಕೆ ಹಿಡಿದುಕೊಂಡು ನಗುತ್ತಿದ್ದಳು. ಮುಖವೆಲ್ಲ ಕೆಂಪೇರಿತ್ತು, ಕೂದಲು ಬಿಚ್ಚಿಹೋಗಿತ್ತು.

“ಏನೇ ಹುಡುಗಿ! ನಾನು ರಿಟೈರ್ ಆದ್ಮೇಲೆ ಯಾರೂ ನನ್ನ ಮುಂದೆ ಹೀಗೆ ಸಾಯೋಕೆ ಹೊರಟಿರ್ಲಿಲ್ಲ ಕಣೇ!”

“ಅಕ್ಕ, ಇದು ನಗೋ ವಿಷಯಾನಾ?”

“ಅಲ್ಲ. ನೀನು ಶುದ್ಧ ಪೆದ್ದಿ. ಬಸ್ಸು ಓಡಿಸ್ತಾನೂ ಹೀಗೇ ಟೀ ಕಾಸ್ಕೊಂಡು ಕೂರ್ತಿದ್ಯಾ?” ಎನಿಡ್ ಕಣ್ಣೊರೆಸಿಕೊಂಡಳು. ಮತ್ತೆ ನಗು ಉಕ್ಕಿತು. ಕೆಳಗಿದ್ದವಳಿಗೂ ಅದು ಅಂಟಿಕೊಂಡಿತು. ದಂಡೆಯಲ್ಲಿ ನಾಯಿ ಹಿಡಿದು ಹೋಗುತ್ತಿದ್ದ ಮನುಷ್ಯ ಇಬ್ಬರನ್ನೂ ನೋಡಿ ನಾಯಿಯನ್ನು ಹತ್ತಿರಕ್ಕೆಳೆದುಕೊಂಡು ನಡೆದ.

ಸಾಲಿನ ಕೊನೆಯ ಲಾಕು ದಾಟಿದ ಮೇಲೆ ಎನಿಡ್ ದೋಣಿ ಹತ್ತಿ ಬಂದು, “ಸರಿ ಅತ್ಲಾಗೆ” ಎಂದು ತಂಗಿಯನ್ನು ನೂಕಿ ಚುಕ್ಕಾಣಿ ಹಿಡಿದಳು.

“ಬಲಕ್ಕೆ ಹೋಗ್ಬೇಕಂದ್ರೆ ಎಡಕ್ಕೆ ತಳ್ಳಬೇಕು, ನೆನಪಿರ್ಲಿ.”

“ಗಂಡಸರ ಹಾಗೇ ಅನ್ನು.”

ಮೊದಲ ತಿರುವಿನಲ್ಲೇ ಬ್ರಾಂಬಲ್ ಜೊಂಡಿನೊಳಕ್ಕೆ ಹೋಗಿ ಒಂದು ಹಸುವಿನ ಮುಖಕ್ಕೆ ಮುಖ ಕೊಟ್ಟು ನಿಂತಿತು. ಎನಿಡ್ ಹಸುವಿಗೆ ಸಾರಿ ಹೇಳಿದಳು. ಎರಡನೆಯ ತಿರುವಿನಲ್ಲಿ ಸೇತುವೆಯ ಇಟ್ಟಿಗೆಗೆ ಉಜ್ಜಿತು. ಅಲ್ಲಿ ಅವಳ ಬಾಯಿಂದ ಬಂದ ಮಾತನ್ನು ಹೇಝೆಲ್ ಹುಟ್ಟಿದ ಮೇಲೆ ಕೇಳಿರಲಿಲ್ಲ. ಮೂರನೆಯದಕ್ಕೆ ದೋಣಿ ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಹೋಯಿತು. ಮಾರ್ಚಿನ ಬಿಸಿಲು ನೀರಿನ ಮೇಲೆ ಬಿದ್ದು ಹಾಥಾರ್ನ್ ಮುಳ್ಳುಬೇಲಿಯಲ್ಲಿ ಕುಣಿಯುತ್ತಿತ್ತು. ಹೇಝೆಲ್ ಒಂದೇ ಕೈಯಲ್ಲಿ ಬೇಕನ್ ಹುರಿದು ಬ್ರೆಡ್ಡಿನ ನಡುವೆ ಇಟ್ಟುಕೊಟ್ಟಳು. ಅಕ್ಕ ಕಾಲುವೆಯಿಂದ ಕಣ್ಣು ಕೀಳದೆ ತಿಂದಳು, ಬೆರಳು ನೆಕ್ಕಿದಳು, ಕೋಟಿಗೇ ಒರೆಸಿಕೊಂಡಳು.

ದೋಣಿಯನ್ನು ಡಾಕಿನೊಳಗೆ ನಿಲ್ಲಿಸಿ, ಅದರ ಯಜಮಾನ ಕ್ಲೆಮ್ ಅಲ್ಲಿನ ನೀರು ಬಸಿದಾಗ ಬ್ರಾಂಬಲ್‌ನ ಹೊಟ್ಟೆ ಕಂಡಿತು. ತುಕ್ಕು, ಪಾಚಿ, ಚಿಪ್ಪು. ಮರುದಿನದಿಂದ ಎನಿಡ್ ಹೇಝೆಲ್‌ಳ ಹಳೆಯ ಮೇಲಂಗಿಯನ್ನು ತೊಟ್ಟು, ಚಿಪ್ಪು ಹೆರೆದು, ನೀರು ಹಾಯಿಸಿ ತೊಳೆದು, ಒಣಗಿದ ಮೇಲೆ ರೋಲರು ಹಿಡಿದು ಕಪ್ಪು ಬಳಿಯತೊಡಗಿದಳು. ಹೇಝೆಲ್ ಬಲಗೈಯಲ್ಲಿ ಮೂಲೆಗಳಿಗೆ ಬ್ರಷ್ಷು ಆಡಿಸುತ್ತಿದ್ದಳು. ಬಳಿದಷ್ಟೂ ಮಾರುವ ದಿನ ಹತ್ತಿರ ಬರುತ್ತಿದೆಯೆಂದು ಹೇಝೆಲ್‌ಗೆ ಗೊತ್ತಿತ್ತು. ಆದರೂ ಕಳಪೆಯಾಗಿ ಬಳಿಯಲು ಕೈ ಬರಲಿಲ್ಲ.

ಮೂರನೆಯ ಸುತ್ತಿನ ಬಣ್ಣದ ದಿನ ಕ್ಲೆಮ್ ಮೇಲಿನಿಂದ ಬಗ್ಗಿ ನೋಡಿದ. “ಎನಿಡಮ್ಮಾ, ನೀವು ಫೋನಲ್ಲಿ ಹೇಳಿದ್ರಲ್ಲ, ಕೊಳ್ಳೋರು ಸಿಕ್ಕಿದಾರೆ. ಗಂಡ ಹೆಂಡ್ತಿ. ದೋಣಿ ನೋಡೋಕೆ ನಾಳೆ ಬರ್ತಾರಂತೆ.”

ಹೇಝೆಲ್‌ಳ ಬ್ರಷ್ಷು ನಿಂತಿತು.

“ಬರೋದು ಬೇಡ ಅನ್ನಪ್ಪ,” ಎಂದಳು ಎನಿಡ್, ರೋಲರು ನಿಲ್ಲಿಸದೆ. “ಇದು ಮಾರೋಕಿಲ್ಲ.”

“ಮತ್ತೆ ನೀವೇ...”

“ಹೇಳಿದ್ದೆ. ಈಗ ಇಲ್ಲ ಅಂತಿದೀನಿ. ಎರಡೂ ನಂದೇ ಬಾಯಿ.”

ಕ್ಲೆಮ್ ತಲೆ ಕೆರೆದುಕೊಂಡು ಹೋದ.

“ಆಸ್ಪತ್ರೇಲಿ ನಾನು ಹೂಂ ಅಂದಿದ್ದೆ ಅಕ್ಕ,” ಎಂದಳು ಹೇಝೆಲ್.

“ನೋವಿನ ಮದ್ದು ಕೊಟ್ಟಾಗ ಪೇಷೆಂಟು ಏನಂದ್ರೂ ನಾವು ಲೆಕ್ಕಕ್ಕೆ ತಗೊಳ್ಳಲ್ಲ. ಒಬ್ಬ ನನ್ನ ಮದ್ವೆ ಆಗ್ತೀನಿ ಅಂದಿದ್ದ.”

“ಹಳದಿ ರೂಮು?”

“ಕ್ರಿಸ್ಮಸ್ಸಿಗೆ ಬಾ. ಚಳಿಗೆ ಬೇಕಾಗುತ್ತೆ.” ಎನಿಡ್ ಬಗ್ಗಿ ಟ್ರೇಯಲ್ಲಿ ರೋಲರು ಅದ್ದಿದಳು. ಮೂಗಿನ ಮೇಲೆ ಕಪ್ಪು ಮೆತ್ತಿತ್ತು. “ಆ ಮನೇಲಿ ಗಡಿಯಾರ ಬಿಟ್ರೆ ಏನೂ ಅಲ್ಲಾಡಲ್ಲ ಕಣೇ. ನಿನ್ನ ಪ್ಲಾಸ್ಟರ್ ಬಿಚ್ಚೋ ತನಕ ನಾನಿಲ್ಲೇ ಇರ್ತೀನಿ. ಬಿಚ್ಚಿದ್ಮೇಲೆ ಓಡ್ಸಿಬಿಡ್ಬೇಡ ಮತ್ತೆ.”

ಹೇಝೆಲ್ ಬ್ರಷ್ಷಿನಿಂದ ಅಕ್ಕನ ಕೆನ್ನೆಗೊಂದು ಗೀಟೆಳೆದಳು. ಮುಂದಿನ ಕಾಲು ಗಂಟೆಯಲ್ಲಿ ದೋಣಿಗಿಂತ ಹೆಚ್ಚು ಬಣ್ಣ ಅವರಿಬ್ಬರಿಗೆ ತಗುಲಿತು.

ಬಣ್ಣ ಪೂರ್ತಿ ಒಣಗಿದ ಬೆಳಿಗ್ಗೆ ಕ್ಲೆಮ್ ಡಾಕಿಗೆ ನೀರು ಬಿಟ್ಟ. ಅಕ್ಕತಂಗಿಯರು ಮೂತಿಯ ಬಳಿ ಹಗ್ಗ ಹಿಡಿದು ಕೂತಿದ್ದರು. ನೀರು ನೆಲವೆಲ್ಲ ಹರಡಿ, ಆಸರೆಯ ದಿಮ್ಮಿಗಳನ್ನು ಮುಚ್ಚಿ, ಹೊಳೆಯುವ ಕಪ್ಪು ಮೈಯನ್ನು ತಡವುತ್ತ ಏರಿತು. ಎಲ್ಲಿಂದಲೋ ಒಂದು ನೀರುಕೋಳಿ ಮರಿಗಳನ್ನು ಹಿಂದಿಟ್ಟುಕೊಂಡು ಒಳಗೆ ಈಜಿ ಬಂತು. ಅವರ ಕೆಳಗೆ, ಯಾವ ಕ್ಷಣವೆಂದು ತಿಳಿಯದ ಹಾಗೆ, ದೋಣಿ ನೆಲ ಬಿಟ್ಟಿತು.