ಅಪ್ಪ ಎತ್ತಿದ ತೂಕ

ನಮ್ಮ ಮನೆಯಲ್ಲಿ ಡಂಬೆಲ್ ಇರಲಿಲ್ಲ. ನಾವಿದ್ದೆವು.

ಇದನ್ನು ಹೇಳಿದರೆ ನನ್ನ ಮಗಳು ನಂಬುವುದಿಲ್ಲ. ಮೊನ್ನೆ ಎಲ್ಲಿಂದಲೋ ಜಿಮ್ಮಿನ ಜಾಹೀರಾತು ಹಿಡಿದು ಬಂದು, "ಅಮ್ಮಾ, ಸೇರ್ಕೋ. ಎರಡು ಮಹಡಿ ಹತ್ತೋದ್ರಲ್ಲಿ ಕುಕ್ಕರ್ ಥರ ಶಬ್ದ ಮಾಡ್ತೀಯ" ಎಂದಳು. ಶುಲ್ಕ ಎಷ್ಟೆಂದು ನೋಡಿದೆ. ನೋಡಿಯೇ ಸ್ವಲ್ಪ ತೂಕ ಇಳಿದಂತಾಯಿತು. ಅದು ಹೋಗಲಿ, ಟೈಮಾದರೂ ಎಲ್ಲಿದೆ ಎಂದು ಗೊಣಗುತ್ತ ಕೂತಾಗ ಅಪ್ಪ ನೆನಪಾದರು. ಅವರ ಹತ್ತಿರವೂ ಈ ಎರಡೂ ಇರಲಿಲ್ಲ, ದುಡ್ಡು ಮತ್ತು ಟೈಮು. ಗೊಣಗುವ ಅಭ್ಯಾಸವೂ ಇರಲಿಲ್ಲ, ಅದು ನನಗೆ ಅಜ್ಜಿಯ ಕಡೆಯಿಂದ ಬಂದದ್ದು.

ಅಪ್ಪ ಅಗ್ನಿಶಾಮಕ ಠಾಣೆಯಲ್ಲಿ ಫೋನ್ ಎತ್ತುವವರು. ಎಲ್ಲಿ ಬೆಂಕಿ, ಯಾವ ಬೀದಿ, ಒಳಗೆ ಯಾರಾದರೂ ಇದ್ದಾರಾ ಎಂದು ಕೇಳಿ, ಗಂಟೆ ಬಾರಿಸಿ, ಗಾಡಿ ಕಳಿಸುವುದು ಅವರ ಕೆಲಸ. ಗಾಡಿ ಹೋಗುತ್ತಿತ್ತು, ಅಪ್ಪ ಕುರ್ಚಿಯಲ್ಲೇ ಉಳಿಯುತ್ತಿದ್ದರು. ಸಂಜೆ ಒಂದು ಔಷಧಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ, ಅಲ್ಲೂ ಕುರ್ಚಿ. ಹೀಗಾಗಿ ಅಪ್ಪನ ಹೊಟ್ಟೆ ಅವರಿಗಿಂತ ಒಂದು ಹೆಜ್ಜೆ ಮುಂದೆ ಮನೆಗೆ ಬರುತ್ತಿತ್ತು. ನಾನು ಮತ್ತು ನನ್ನ ತಮ್ಮ ಗುಂಡ ಅದರ ಮೇಲೆ ತಲೆಯಿಟ್ಟು ಮಲಗುತ್ತಿದ್ದೆವು. ಅಷ್ಟು ಒಳ್ಳೆಯ ದಿಂಬು ನನಗೆ ಮತ್ತೆ ಸಿಕ್ಕಿಲ್ಲ.

ಆ ವರ್ಷ ಠಾಣೆಗೆ ಹೊಸ ಸಾಹೇಬರು ಬಂದರು. ಬಂದವರೇ ಒಂದು ಆದೇಶ ಹೊರಡಿಸಿದರು: ಠಾಣೆಯಲ್ಲಿ ಇರುವವರೆಲ್ಲ, ಫೋನಿನವನಿರಲಿ ಅಡುಗೆಯವನಿರಲಿ, ಮರಳು ತುಂಬಿದ ಆಳುದ್ದದ ಗೊಂಬೆಯನ್ನು ಹೆಗಲ ಮೇಲೆ ಹೊತ್ತು ತರಬೇತಿ ಗೋಪುರದ ಮೂರನೇ ಮಹಡಿಗೆ ಎಲ್ಲೂ ನಿಲ್ಲದೆ ಹತ್ತಬೇಕು. ಆರು ತಿಂಗಳ ಗಡುವು. ಆಗದವರಿಗೆ ಮುಂದಿನ ವರ್ಷ ಕೆಲಸವಿಲ್ಲ. ಅಪ್ಪನದು ಕಾಯಂ ನೌಕರಿಯಲ್ಲ. ಅಮ್ಮನಿಗೆ ಆಗಷ್ಟೇ ಮೂರನೆಯದು ಹೊಟ್ಟೆಯಲ್ಲಿತ್ತು. ಆದೇಶದ ಸುದ್ದಿ ಕೇಳಿ ಅಮ್ಮ ತಟ್ಟೆ ತೊಳೆಯುತ್ತಲೇ ಇದ್ದಳು, ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು.

ಮಾರನೇ ದಿನವೇ ಅಪ್ಪ ತುಂಬಿದ ಗ್ಯಾಸ್ ಸಿಲಿಂಡರನ್ನು ವೀರಾವೇಶದಿಂದ ಹೆಗಲಿಗೇರಿಸಿದರು. ಅಡುಗೆಮನೆಯ ಬಾಗಿಲವರೆಗೆ ಹೋದರು. ಅಲ್ಲಿ "ಕಟ್" ಎಂದು ಏನೋ ಸದ್ದಾಯಿತು. ಸಿಲಿಂಡರಿನದು ಎಂದುಕೊಂಡೆವು. ಸೊಂಟದ್ದು. ಮೂರು ದಿನ ನೆಲದ ಮೇಲೆ ಅಂಗಾತ ಮಲಗಿದ್ದರು.

"ನಿಮ್ಮಪ್ಪನಿಗೆ ಹೇಳು," ಎಂದಳು ಅಜ್ಜಿ ನನಗೆ, ಅಪ್ಪನ ತಲೆಯ ಪಕ್ಕದಲ್ಲೇ ನಿಂತು, "ಎಣ್ಣೆ ಬಿಸಿ ಮಾಡಿಟ್ಟಿದ್ದೀನಿ, ಹಚ್ಕೊಳ್ಳಲಿ ಅಂತ."

"ನಿಮ್ಮಜ್ಜಿಗೆ ಹೇಳು," ಎಂದರು ಅಪ್ಪ ಸೂರು ನೋಡುತ್ತ, "ಆಮೇಲೆ ಹಚ್ಕೋತೀನಿ ಅಂತ."

ಅಜ್ಜಿ ಅಮ್ಮನ ಅಮ್ಮ. ಈ ಅತ್ತೆ ಅಳಿಯ ನನಗೆ ಬುದ್ಧಿ ಬಂದಾಗಿನಿಂದ ಮುಖಾಮುಖಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಮದುವೆಗೆ ಮುಂಚೆ ಅಪ್ಪ ಗಾಡಿಯಲ್ಲಿ ಹೋಗಿ ಬೆಂಕಿ ಆರಿಸುತ್ತಿದ್ದವರಂತೆ. "ಬೆಂಕಿಗೆ ಹಾರೋ ಕೆಲಸ ಬಿಟ್ರೆ ನನ್ನ ಮಗಳು, ಇಲ್ದಿದ್ರೆ ಇಲ್ಲ" ಎಂದು ಅಜ್ಜಿ ಪಟ್ಟು ಹಿಡಿದಳು. ಅಪ್ಪ ಗಾಡಿ ಬಿಟ್ಟು ಕುರ್ಚಿ ಹಿಡಿದರು. ಅಜ್ಜಿ ಗೆದ್ದಳು, ಆದರೆ ಇಬ್ಬರ ನಡುವೆ ಮಾತು ನಿಂತಿತು. ಆಮೇಲೆ ಅಜ್ಜಿ ಒಂಟಿಯಾಗಿ ನಮ್ಮ ಮನೆಗೇ ಬಂದು ಸೇರಿದ ಮೇಲೂ ಅದು ಶುರುವಾಗಲಿಲ್ಲ. ಎರಡು ಕೋಣೆಯ ಮನೆಯಲ್ಲಿ ನಾನು ಅವರ ಅಂಚೆಯಾಗಿದ್ದೆ. ಅವಸರದಲ್ಲಿ ಇಬ್ಬರೂ ಗುಂಡನ ಮೂಲಕ ಮಾತಾಡಿದರೆ ಎಲ್ಲ ಎಡವಟ್ಟಾಗುತ್ತಿತ್ತು, ಅವನಿಗೆ ಆಗ ನಾಲ್ಕು ವರ್ಷ.

ಸೊಂಟ ಸರಿಹೋದ ಮೇಲೆ ಅಮ್ಮ ಹೇಳಿದಳು, "ಒಂದೇ ಸಲಕ್ಕೆ ಗುಡ್ಡ ಎತ್ತೋಕೆ ಹೋಗ್ಬೇಡಿ. ಬೆಳಗ್ಗೆ ಹಾಲು ತರೋಕೆ ಹೇಗೂ ಇಳಿದು ಹತ್ತಬೇಕಲ್ಲ, ಅದನ್ನೇ ಸರಿಯಾಗಿ ಮಾಡಿ."

ನಮ್ಮದು ಮೂರನೇ ಮಹಡಿ. ಕಿರಿದಾದ ಮೆಟ್ಟಿಲು, ಪ್ರತಿ ತಿರುವಿನಲ್ಲಿ ಗೋಡೆಗೆ ಭುಜ ತಾಗುವಷ್ಟು ಇಕ್ಕಟ್ಟು. ಮೊದಮೊದಲು ಅಪ್ಪ ಹಾಲಿನ ಪಾತ್ರೆ ಮಾತ್ರ ಹಿಡಿದು ನಿಲ್ಲದೆ ಹತ್ತುವುದನ್ನು ಕಲಿತರು. ಅದೂ ಸುಲಭವಾಗಿರಲಿಲ್ಲ. ಎರಡನೇ ತಿರುವಿನಲ್ಲಿ ಗೋಡೆಗೆ ಒರಗಿ, ಚಪ್ಪಲಿಯಲ್ಲಿ ಕಲ್ಲು ಸಿಕ್ಕಿದೆ ಎಂದು ನೆಪ ಹೇಳುತ್ತಿದ್ದರು. ದಿನವೂ ಕಲ್ಲು ಸಿಗುತ್ತಿತ್ತು. ಒಂದು ದಿನ ಸಿಗಲಿಲ್ಲ. ಅವತ್ತು ಗುಂಡನನ್ನು ಹೆಗಲಿಗೆ ಹಾಕಿಕೊಂಡರು.

ಕೆಳಗೆ ಹಳೇ ಪೇಪರ್ ಅಂಗಡಿ. ಅಂಗಡಿಯ ಮಾಮ ರದ್ದಿ ತೂಗುವ ದೊಡ್ಡ ತಕ್ಕಡಿಯನ್ನು ಬಾಗಿಲಲ್ಲೇ ಇಟ್ಟಿರುತ್ತಿದ್ದ, ಮನುಷ್ಯರು ನಿಲ್ಲುವಂಥದ್ದು. ಅವನು ನಮ್ಮನ್ನು ಪುಕ್ಕಟೆ ತೂಗಿ, "ಗುಂಡ ಇಷ್ಟು. ರದ್ದಿಗೆ ಹಾಕಿದ್ರೆ ಒಳ್ಳೇ ರೇಟು ಬರುತ್ತೆ" ಎಂದು ಕಣ್ಣು ಹೊಡೆಯುತ್ತಿದ್ದ. ಗುಂಡನ ನಂತರ ನನ್ನ ಸರದಿ. ನನ್ನ ನಂತರ ನಾನು ಮತ್ತು ನನ್ನ ಸ್ಕೂಲ್ ಬ್ಯಾಗು. ಆಮೇಲೆ ಒಂದು ಹೆಗಲಿಗೆ ನಾನು, ಇನ್ನೊಂದು ಕಂಕುಳಲ್ಲಿ ಗುಂಡ. ಬೆಳಗಿನ ಆ ಸವಾರಿಗಾಗಿ ನಾವಿಬ್ಬರೂ ಯಾರೂ ಎಬ್ಬಿಸದೆ ಏಳುತ್ತಿದ್ದೆವು. ಅಪ್ಪನ ಅಂಗಿಯ ಸೋಪಿನ ವಾಸನೆ, ಮೊದಲನೇ ಮಹಡಿಯ ದರ್ಜಿಯಮ್ಮನ ಮಷೀನಿನ ಕಟಕಟ, ಕಿಟಕಿಯಲ್ಲಿ ಬರುತ್ತಿದ್ದ ಎಳೆ ಬಿಸಿಲು. ಅಷ್ಟು ಎತ್ತರದಿಂದ ಆ ಮೆಟ್ಟಿಲುಗಳನ್ನು ನೋಡಿದ ಸುಖವನ್ನು ನಾನು ಈಗಲೂ ಯಾರ ಜೊತೆಗೂ ಬದಲಾಯಿಸಿಕೊಳ್ಳಲಾರೆ.

ಆದರೆ ನಾನೂ ಗುಂಡನೂ ಬ್ಯಾಗೂ ಸೇರಿದರೂ ಗೊಂಬೆಯ ತೂಕಕ್ಕೆ ಇನ್ನೂ ಬಹಳ ಕಡಿಮೆ. ಅಪ್ಪ ಮರಳಿನ ಮೂಟೆ ಹೊತ್ತು ನೋಡಿದರು. ಅದು ಎರಡನೇ ಮಹಡಿಯಲ್ಲಿ ಹರಿದು, ಮರಳು ಪ್ರತಿ ಮೆಟ್ಟಿಲಿಗೂ ಸಮನಾಗಿ ಹಂಚಿಹೋಯಿತು. ಒಂದು ಭಾನುವಾರವಿಡೀ ಗುಡಿಸಿದೆವು. ಅಲ್ಲದೆ ಮೂಟೆ ಮೂಟೆಯಂತೆ ಬಿದ್ದಿರುತ್ತದೆ. ಗೊಂಬೆಗೆ ಕೈಕಾಲಿದೆ, ಅದು ಜೋಲುತ್ತದೆ, ಓಲಾಡುತ್ತದೆ. "ಮನುಷ್ಯರೇ ಬೇಕು," ಎಂದರು ಅಪ್ಪ ಊಟಕ್ಕೆ ಕೂತಾಗ. ಅಮ್ಮ ತನ್ನ ಹೊಟ್ಟೆ ನೋಡಿಕೊಂಡಳು. ಠಾಣೆಯ ಗೆಳೆಯರನ್ನು ಕೇಳಲು ಅಪ್ಪನಿಗೆ ನಾಚಿಕೆ. ಗಡುವಿಗೆ ಒಂದೂವರೆ ತಿಂಗಳು ಉಳಿದಿತ್ತು. ಯಾರೂ ಅಜ್ಜಿಯ ಕಡೆ ನೋಡಲಿಲ್ಲ. ನೋಡಬಾರದೆಂದು ಎಲ್ಲರೂ ಎಷ್ಟು ಕಷ್ಟಪಟ್ಟೆವೆಂದರೆ ಅಜ್ಜಿಗೆ ಅದು ಗೊತ್ತಾಗಿಯೇ ಹೋಯಿತು.

"ನಾನೇನು ರದ್ದಿನಾ, ತಕ್ಕಡಿ ಮೇಲೆ ನಿಲ್ಲೋಕೆ?" ಎಂದು ಎದ್ದುಹೋದಳು.

ಆ ವಾರ ಅಪ್ಪ ನಮ್ಮಿಬ್ಬರನ್ನೇ ಹೊತ್ತು ಹತ್ತಿದರು. ಮುಖದಲ್ಲಿ ಕಳೆಯಿರಲಿಲ್ಲ. ಒಂದು ಬೆಳಗ್ಗೆ ನಾವು ಹಾಲು ತೆಗೆದುಕೊಂಡು ಬರುವಷ್ಟರಲ್ಲಿ ಅಜ್ಜಿ ಪೇಪರ್ ಅಂಗಡಿಯ ಮುಂದೆ ನಿಂತಿದ್ದಳು. ಶಾಲು ಬಿಗಿಯಾಗಿ ಸುತ್ತಿಕೊಂಡು, ಚಪ್ಪಲಿ ಬಿಟ್ಟು, ತಕ್ಕಡಿಯ ಮೇಲೆ. ಮಾಮ ಮುಳ್ಳು ನೋಡಿ ಬಾಯಿ ತೆರೆದ.

"ಬಾಯಿಬಿಟ್ಟು ಹೇಳಿದ್ಯೋ, ನಿನ್ನ ಅಂಗಡಿ ಬಾಗಿಲು ಮುಚ್ಚಿಸ್ತೀನಿ," ಎಂದಳು ಅಜ್ಜಿ. ಅವನು ಅಪ್ಪನ ಕಡೆ ತಿರುಗಿ ತಲೆ ಮಾತ್ರ ಆಡಿಸಿದ. ಗೊಂಬೆಗೆ ಸರಿಸಮ.

ಅಜ್ಜಿ ನನ್ನ ಕೈಗೆ ಚಪ್ಪಲಿ ಕೊಟ್ಟಳು. "ನಿಮ್ಮಪ್ಪನಿಗೆ ಕೇಳು, ಪಾಸಾದ್ರೆ ಮತ್ತೆ ಬೆಂಕಿಗೆ ಹೋಗ್ತಾನಾ ಅಂತ."

"ಇಲ್ಲ ಅಂತ ಹೇಳು," ಎಂದರು ಅಪ್ಪ. "ಫೋನ್ ಹತ್ರಾನೇ ಅಂತ ಹೇಳು."

"ಹಾಗಾದ್ರೆ ಎತ್ತಲಿ. ಆ ಕುರ್ಚೀಲಿ ಕೂರಿಸಿದ್ದು ನಾನೇ ಅಲ್ವಾ."

ಅಪ್ಪ ಮೊಣಕಾಲು ಬಗ್ಗಿಸಿ ಅಜ್ಜಿಯನ್ನು ಹೆಗಲಿಗೆ ಹಾಕಿಕೊಂಡರು. ಅವಳ ತಲೆ ಅಪ್ಪನ ಬೆನ್ನ ಮೇಲೆ ಜೋತುಬಿತ್ತು. ಹಿಂದೆ ಚಪ್ಪಲಿ ಹಿಡಿದು ನಾನು. ಅವಳ ಮುಖ ತಲೆಕೆಳಗಾಗಿ ನನ್ನ ಎದುರಿಗೇ ಇತ್ತು, ಅಪ್ಪನಿಗೆ ಕಾಣುವಂತಿರಲಿಲ್ಲ. ಬಾಯಿ ಒಂದೇ ಸಮನೆ ಬೈಯುತ್ತಿತ್ತು: ನನ್ನ ತಲೆ ಗೋಡೆಗೆ, ನಿಮ್ಮಪ್ಪನ ಕಣ್ಣೆಲ್ಲಿ, ಅಯ್ಯೋ ಕನ್ನಡಕ! ಆದರೆ ಮುಖ ಬೈಯುತ್ತಿರಲಿಲ್ಲ. ಚಿಕ್ಕವಳಾಗಿದ್ದಾಗ ಯಾರೋ ಎತ್ತಿಕೊಂಡದ್ದು ಬಿಟ್ಟರೆ ಅವಳನ್ನು ಯಾರೂ ಎತ್ತಿರಲಿಲ್ಲ ಎಂದು ಕಾಣುತ್ತದೆ. ಅಜ್ಜಿ ನಗುತ್ತಿದ್ದಳು, ನನಗೆ ಮಾತ್ರ ಕಾಣುವ ಹಾಗೆ, ಹಲ್ಲಿಲ್ಲದ ಒಸಡು ತೋರಿಸಿ.

ಮೊದಲನೇ ಮಹಡಿಯಲ್ಲಿ ದರ್ಜಿಯಮ್ಮನ ಮಷೀನು ನಿಂತುಹೋಯಿತು. ಅಪ್ಪನ ಕಾಲೂ. ಅಲ್ಲೇ ಅಜ್ಜಿಯನ್ನು ಇಳಿಸಿ ಕಂಬಿ ಹಿಡಿದು ಏದುಸಿರು ಬಿಡತೊಡಗಿದರು. ಅಜ್ಜಿ ಶಾಲು ಸರಿಮಾಡಿಕೊಂಡು ನನ್ನ ಕಡೆ ತಿರುಗಿದಳು, ಏನೋ ಹೇಳಿಕಳಿಸಲು. ಆಮೇಲೆ ಅದೇಕೋ ನನ್ನನ್ನು ಬಿಟ್ಟು ನೇರವಾಗಿ ಅವರನ್ನೇ ನೋಡಿದಳು.

"ಉಸಿರು ಯಾಕೆ ಬಿಗಿಹಿಡೀತೀಯಾ? ನನ್ನ ಕಿವಿ ನಿನ್ನ ಬೆನ್ನ ಮೇಲೇ ಇತ್ತು, ಒಂದು ಸಲಾನೂ ಬಿಡ್ಲಿಲ್ಲ. ಬಿಡ್ತಾ ಹತ್ತು."

ಅಪ್ಪ ಬೆವರು ಒರೆಸಿಕೊಂಡರು. "ಸರಿ ಅತ್ತೆ," ಎಂದರು.

ನನ್ನ ಅಂಚೆ ಕೆಲಸ ಅಲ್ಲಿಗೆ ಮುಗಿಯಿತು. ಒಳಗೊಳಗೇ ಸ್ವಲ್ಪ ಬೇಜಾರೂ ಆಯಿತೆನ್ನಿ, ಆ ಮನೆಯಲ್ಲಿ ನನಗಿದ್ದ ಒಂದೇ ಹುದ್ದೆ ಅದು.

ಆಮೇಲೆ ದಿನವೂ ಅದೇ. ಒಂದು ಮಹಡಿ ಒಂದೂವರೆಯಾಯಿತು, ಒಂದೂವರೆ ಎರಡಾಯಿತು. ಅಪ್ಪ ಸೋತ ದಿನ ಅಜ್ಜಿ ರಾತ್ರಿ ಅರ್ಧ ಊಟ ಬಿಡುತ್ತಿದ್ದಳು, ತೂಕ ಇಳಿಯಲೆಂದು. ಗೊತ್ತಾದಾಗ ಅಪ್ಪ ಸಿಟ್ಟಾದರು. "ನೀವು ಇಳಿದ್ರೆ ಗೊಂಬೆ ಇಳಿಯುತ್ತಾ? ಸರಿಯಾಗಿ ಉಣ್ಣಿ" ಎಂದು ತಾವೇ ಬಡಿಸಿದರು. ಗಡುವಿಗೆ ನಾಲ್ಕೈದು ದಿನವಿದ್ದಾಗ ಅಪ್ಪ ಅಜ್ಜಿಯನ್ನು ಹೊತ್ತು ನಮ್ಮ ಹೊಸ್ತಿಲು ದಾಟಿ ಬಂದು ಹಾಸಿಗೆಯ ಮೇಲೆ ಕೂರಿಸಿದರು. ತುಂಬು ಬಸುರಿ ಅಮ್ಮ ಚಪ್ಪಾಳೆ ತಟ್ಟಿದಳು. ಗುಂಡ ತನ್ನ ಜಾಗ ಹೋಯಿತೆಂದು ಅತ್ತ.

ಪರೀಕ್ಷೆಯ ದಿನ ಅಜ್ಜಿ ಕಿಟಕಿಯಿಂದ ಕದಲಲಿಲ್ಲ. ಮಧ್ಯಾಹ್ನ ಬೀದಿಯ ತುದಿಯಲ್ಲಿ ಅಪ್ಪ ಕಾಣಿಸಿದರು. ನಡಿಗೆ ನೋಡಿಯೇ ಅಜ್ಜಿ, "ಆಯ್ತು ಬಿಡು" ಎಂದು ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ಮೇಲೆ ಬಂದ ಅಪ್ಪ ಬಾಗಿಲಲ್ಲೇ ನಿಂತು ಹೇಳಿದರು, "ಪಾಸಾದೆ. ಸಾಹೇಬರು ಕೇಳಿದ್ರು, ಕಷ್ಟ ಆಯ್ತಾ ಅಂತ. ಆಯ್ತು ಸಾರ್, ಈ ಗೊಂಬೆ ಬೈಯೋದೇ ಇಲ್ಲ, ದಾರಿ ತಪ್ಪಿದ ಹಾಗಾಗುತ್ತೆ ಅಂದೆ."

ಅಜ್ಜಿ ಅವತ್ತು ಎಲ್ಲರ ಮುಂದೆ ಅತ್ತಳು. ಅಮ್ಮನೂ ಅತ್ತಳು. ಮುಂದಿನ ತಿಂಗಳು ತಂಗಿ ಹುಟ್ಟಿ ಮನೆಗೊಂದು ಹೊಸ ಸಣ್ಣ ತೂಕ ಬಂತು. ಅಪ್ಪ ಅಭ್ಯಾಸ ಬಿಡಲಿಲ್ಲ, ಮತ್ತೆ ಮೊದಲಿನಿಂದ ಶುರುಮಾಡಿದರು.

ವರ್ಷಗಳು ಕಳೆದವು. ನಾನು ಕೆಲಸಕ್ಕೆ ಹೋಗತೊಡಗಿದ್ದೆ. ಅಪ್ಪನ ತಲೆ ಪೂರ್ತಿ ಬೆಳ್ಳಗಾಗಿತ್ತು. ಅಜ್ಜಿ ಹಾಸಿಗೆ ಹಿಡಿದು ಕೆಲವು ವಾರಗಳಾಗಿದ್ದವು. ಒಂದು ಬೆಳಗ್ಗೆ ಉಸಿರಾಟ ಕಷ್ಟವಾಗಿ ಆಂಬುಲೆನ್ಸಿಗೆ ಫೋನ್ ಮಾಡಿದೆವು. ಬಂದವರು ಸ್ಟ್ರೆಚರ್ ಹಿಡಿದು ನಮ್ಮ ಮೆಟ್ಟಿಲಿನ ತಿರುವು ನೋಡಿ ಮುಖ ಮುಖ ನೋಡಿಕೊಂಡರು. ಅದು ತಿರುಗುವಂತಿರಲಿಲ್ಲ. ಕುರ್ಚಿ ತರಿಸೋಣ ಎಂದು ಅವರು ಮಾತಾಡುತ್ತಿರುವಾಗಲೇ ಅಪ್ಪ ಅಂಗಿಯ ತೋಳು ಮಡಚಿದರು. ಈ ಸಲ ಹೆಗಲಿಗೆ ಹಾಕಲಿಲ್ಲ. ಮಗುವನ್ನು ಎತ್ತುವಂತೆ ಎರಡೂ ತೋಳಲ್ಲಿ ಎತ್ತಿ ಎದೆಗೆ ಒರಗಿಸಿಕೊಂಡರು, ಅವಳ ಗಲ್ಲ ಅವರ ಭುಜದ ಮೇಲೆ ಬರುವಂತೆ.

ನಾನು ಅಭ್ಯಾಸಬಲದಿಂದ ಚಪ್ಪಲಿ ಎತ್ತಿಕೊಂಡು ಹಿಂದೆ ಇಳಿದೆ. ಅವಳಿಗೆ ಅದು ಬೇಕಾಗುವುದಿಲ್ಲವೆಂದು ನನಗೆ ಗೊತ್ತಿತ್ತು. ಮತ್ತೆ ಅವಳ ಮುಖ ನನ್ನ ಕಡೆಗೇ ಇತ್ತು. ಎಷ್ಟು ಸಣ್ಣಗಾಗಿದ್ದಳೆಂದರೆ ಗುಂಡನನ್ನು ಹೊತ್ತ ದಿನಗಳು ನೆನಪಾಗುತ್ತಿದ್ದವು. ಆದರೂ ಅಪ್ಪನ ಉಸಿರು ಮೆಟ್ಟಿಲ ತುಂಬ ಕೇಳುತ್ತಿತ್ತು.

ಎರಡನೇ ತಿರುವಿನಲ್ಲಿ ಅಜ್ಜಿ ಕಣ್ಣು ತೆರೆದು ನನ್ನನ್ನು ಹುಡುಕಿದಳು.

"ನಿಮ್ಮಪ್ಪನಿಗೆ ಹೇಳು," ಎಂದಳು, ಕೇಳಿಸಿಯೂ ಕೇಳಿಸದ ಹಾಗೆ, "ಇವತ್ತೇನು ಪರೀಕ್ಷೆ ಇಲ್ಲ. ನಿಧಾನ ಇಳೀಲಿ ಅಂತ."

ಅಪ್ಪ ಒಂದು ಮೆಟ್ಟಿಲಲ್ಲಿ ನಿಂತರು. ಹಿಂದೆ ತಿರುಗಲಿಲ್ಲ.

"ನಿಮ್ಮಜ್ಜಿಗೆ ಹೇಳು," ಎಂದರು, "ನಂಗೇನೂ ಭಾರ ಇಲ್ಲ ಅಂತ."

ಅಜ್ಜಿ ನನ್ನನ್ನೇ ನೋಡುತ್ತಿದ್ದಳು, ಉತ್ತರಕ್ಕೆ ಕಾಯುತ್ತ. ಹೇಳಬೇಕಾದದ್ದು ನಾನು. ಬರೀ ತಲೆಯಾಡಿಸಿದೆ. ಅವಳಿಗೆ ಅಷ್ಟು ಸಾಕಾಯಿತು. ಕೆಳಗೆ ಪೇಪರ್ ಅಂಗಡಿಯ ಮಾಮ ದಾರಿ ಬಿಡಲೆಂದು ತಕ್ಕಡಿಯನ್ನು ಒಳಗೆಳೆದುಕೊಳ್ಳುತ್ತಿದ್ದ.